ಕರಿ ನಾಯಿಯ ಕಣ್ಣು ಫೋಟೋದಲ್ಲಿ ಕಾಣಬೇಕಾದರೆ

ತೀರ್ಥಹಳ್ಳಿ ಮನೆಯ ಅಂಗಳದಲ್ಲಿ ತೆಗೆದರೆ ಕರಿ ನಾಯಿಯ ಕಣ್ಣೇ ಕಾಣಲ್ಲ, ಮೊಬೈಲ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ದಂಡ, ಬೇಡ. ಹಿಂದೆ ಬಿಳಿ ಆಕಾಶ ಇದ್ದರೆ ಕ್ಯಾಮೆರಾ ಅದಕ್ಕೆ ಹೊಂದಿಕೊಂಡು ನಾಯಿಯನ್ನು ಇನ್ನೂ ಕಪ್ಪಾಗಿಸುತ್ತದೆ.

ಮಳೆ ಹೊಳವಾದಾಗ ನಾಯಿಯನ್ನು ಜಗಲಿಯ ಅಂಚಿನಲ್ಲಿ, ಮುಖ ಅಂಗಳದ ಕಡೆ ಮಾಡಿ ಕೂರಿಸಿ. ನೀವು ಅಂಗಳಕ್ಕಿಳಿದು ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ. ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ಪರದೆಯಲ್ಲಿ ಕಣ್ಣಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಸರಿಸಿ. ಕೂದಲು ಬೂದಿ ಬಣ್ಣಕ್ಕೆ ತಿರುಗಿದರೆ ಜಾಸ್ತಿ ಆಯ್ತು ಅಂತ ಲೆಕ್ಕ. ಕಣ್ಣಲ್ಲಿ ಬಿಳಿ ಚುಕ್ಕಿ ಮಿಂಚಿತಾ? ಕ್ಲಿಕ್ ಮಾಡಿ.

ಫ್ಲ್ಯಾಶ್ ಬೇಡವೇ ಬೇಡ, ಕಣ್ಣು ಹಸಿರಾಗಿ ಹೊಳೆಯುತ್ತದೆ. ಲೆನ್ಸ್ ಪಕ್ಕ ಬಿಸ್ಕತ್ತು ಹಿಡಿಯಬಹುದು, ಆದರೆ ಜೊಲ್ಲು ಸುರಿಯುವ ಮೊದಲೇ ಮುಗಿಸಿ!