ಚೀನಿಯರ ಹಾಗೆ ಮೂರೇ ಅಕ್ಷರದಲ್ಲಿ ಇಂಗ್ಲಿಷ್ ಟೈಪ್ ಮಾಡಬಹುದಾ?

ಮಣಿಪಾಲದಲ್ಲಿ ಡಿಸ್ಚಾರ್ಜ್ ಸಮರಿ ಟೈಪ್ ಮಾಡುವ ನೀವು ಒಳ್ಳೆ ಪ್ರಶ್ನೆ ಕೇಳಿದ್ದೀರಿ ಮಾರಾಯ್ರೇ. ಚೀನಿಯರು ಝಡ್, ಜಿ, ಆರ್ ಅಂತ ಮೂರೇ ಕೀ ಒತ್ತಿ 'ಝೊಂಗ್‌-ಗುವೊ-ರೆನ್' (ಅಂದರೆ ಚೀನೀಯರು) ಪದ ತರುತ್ತಾರೆ, ಮೂರು ತುಂಡಿನ ಮೊದಲಕ್ಷರ ಅಷ್ಟೇ, ಇಂಗ್ಲಿಷಿಗೂ ಹಾಗೆ ಆಗುತ್ತಾ ಅಂತ.

ಹಾಗೇ ಎತ್ತಿ ತಂದರೆ ಆಗಲ್ಲ. ಅವರ ಭಾಷೆಯಲ್ಲಿ ದನಿಯ ಏರಿಳಿತ ಬಿಟ್ಟರೆ ಉಚ್ಚಾರದ ತುಂಡುಗಳು ಸುಮಾರು 400 ಅಷ್ಟೇ, ಇಂಗ್ಲಿಷಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಜೊತೆಗೆ, ಪೂರ್ತಿ ಟೈಪ್ ಮಾಡಿದರೂ ಅವರು ಪಟ್ಟಿ ನೋಡಿ ಪದ ಆರಿಸಲೇಬೇಕು. ನಮಗೆ ಆ ಕೆಲಸ ಹೊಸದಾಗಿ ಸೇರುತ್ತದೆ. ಕಣ್ಣು ಪಟ್ಟಿಗೆ ಹೋದಾಗ ಕೈ ನಿಲ್ಲುತ್ತದೆ, ಅಲ್ವಾ? ಸ್ವರ ಬಿಟ್ಟು ಪಿ-ಟಿ-ಎನ್-ಟಿ ಅಂತ ಹೊಡೆದು ನೋಡಿ. ಪೇಷಂಟ್, ಪೇಟೆಂಟ್, ಪೋಟೆಂಟ್, ಮೂರೂ ಅದೇ!

ಬಿಡಿ ಪದಕ್ಕಿಂತ ಉದ್ದದ ಸಾಲುಗಳನ್ನು ಹಿಡಿಯಿರಿ, ಲಾಭ ಜಾಸ್ತಿ. ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಕ್ರಯಪತ್ರ ಟೈಪ್ ಮಾಡುತ್ತೇನೆ. 'ಹಿಯರಿನಾಫ್ಟರ್ ರೆಫರ್ಡ್ ಟು ಆ್ಯಸ್' ಸಾಲಿಗೆ ವರ್ಡ್‌ನ ಆಟೋಕರೆಕ್ಟ್‌ನಲ್ಲಿ ಎಕ್ಸ್-ಎಚ್-ಆರ್ ಅಂತ ಹಾಕಿದ್ದೇನೆ. ಸ್ಪೇಸ್ ಒತ್ತಿದ ಕೂಡಲೇ ಪೂರ್ತಿ ಸಾಲು ಬರುತ್ತದೆ. ಮೊದಲು ಬರೀ ಎಚ್-ಆರ್ ಇಟ್ಟಿದ್ದೆ. ಒಬ್ಬರ ಪತ್ರದಲ್ಲಿ 'ಎಚ್‌ಆರ್ ಮ್ಯಾನೇಜರ್' ಇರಬೇಕಾದ ಕಡೆ ಆ ಸಾಲು ಬಂದು ಕೂತಿತ್ತು. ಪ್ರಿಂಟ್ ಆದ ಮೇಲೆ ಕಣ್ಣಿಗೆ ಬಿತ್ತು. ಅದಕ್ಕೇ ಮುಂದೆ ಒಂದು ಎಕ್ಸ್ ಇರಲೇಬೇಕು, ವೈದ್ಯರ ಕಾಗದದಲ್ಲಂತೂ ಖಂಡಿತ.

ವರ್ಡ್ ಮಾತ್ರ ಅಲ್ಲ, ಎಲ್ಲ ಪ್ರೋಗ್ರಾಂಗಳಲ್ಲೂ ಹೀಗೆ ಸಾಲು ಬರಬೇಕಾದರೆ ವಿಂಡೋಸ್‌ಗೆ ಆಟೋಹಾಟ್‌ಕೀ ಅನ್ನುವ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಯ ಕಂಪ್ಯೂಟರಿಗೆ ಹಾಕುವ ಮೊದಲು ಐಟಿಯವರನ್ನು ಕೇಳಿ. ಮೊದಲ ವಾರ ಹತ್ತೇ ಸಾಲು ಇಟ್ಟುಕೊಳ್ಳಿ, ಕೈಗೆ ಕೂತ ಮೇಲೆ ಸೇರಿಸುತ್ತಾ ಹೋಗಿ.