ಒಂಬತ್ತು ದಿನ, ಐದು ಊರು: ದೊಡ್ಡ ಮಕ್ಕಳ ಜೊತೆ ವಿಯೆಟ್ನಾಂ

ಪ್ರಶ್ನೆ: ನಾವು ಪೊನ್ನಂಪೇಟೆ ಹತ್ತಿರದವರು, ಕಾಫಿ ತೋಟ ಇದೆ. ಬರುವ ಬೇಸಿಗೆ ರಜೆಯಲ್ಲಿ ವಿಯೆಟ್ನಾಂಗೆ ಹೋಗುವ ಯೋಚನೆ. ಮಗಳಿಗೆ 15, ಮಗನಿಗೆ 12. ಹೋದ ಸಲ ಸಿಂಗಪುರದಲ್ಲಿ ಮೂರನೇ ದಿನಕ್ಕೇ ಇಬ್ಬರೂ ರೂಮಿನಲ್ಲಿ ಮೊಬೈಲ್ ಹಿಡಿದು ಕೂತರು. ಈ ಸಲ ಏಜೆಂಟರು ಒಂಬತ್ತು ದಿನಕ್ಕೆ ಹನೋಯ್, ಹಾ ಲಾಂಗ್, ಡಾ ನಾಂಗ್, ಹೋ ಚಿ ಮಿನ್ ಸಿಟಿ, ಫು ಕ್ವಾಕ್ ಅಂತ ಐದು ಜಾಗ ಹಾಕಿಕೊಟ್ಟಿದ್ದಾರೆ. ಮಗಳಿಗೆ ಅಲ್ಲಿ ಬಾಡಿಗೆ ಸ್ಕೂಟರ್ ಓಡಿಸಬೇಕಂತೆ. ನನಗೆ ಅಲ್ಲಿನ ಕಾಫಿ ತೋಟ ನೋಡಬೇಕು. ಹೇಗೆ ಹೊಂದಿಸುವುದು?

ಉತ್ತರ: ಮೊದಲು ಆ ಐದರಲ್ಲಿ ಮೂರನ್ನು ಹೊಡೆದುಹಾಕಿ. ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ 1,600 ಕಿಲೋಮೀಟರಿಗೂ ಉದ್ದದ ದೇಶ. ಒಂದೊಂದು ಸಲ ಊರು ಬದಲಿಸಿದಾಗಲೂ ಅರ್ಧ ದಿನ ಹೋಗುತ್ತದೆ. ಬ್ಯಾಗ್ ಕಟ್ಟು, ಏರ್‌ಪೋರ್ಟಿಗೆ ಓಡು, ಹೋಟೆಲಿನಲ್ಲಿ ರೂಮ್ ಕೊಡುವವರೆಗೆ ಲಾಬಿಯಲ್ಲಿ ಕೂರು. ಚಿಕ್ಕ ಮಕ್ಕಳಾದರೆ ಮಡಿಲಲ್ಲಿ ನಿದ್ದೆ ಮಾಡುತ್ತಾರೆ. ಹದಿನೈದರ ಹುಡುಗಿ ಏನು ಮಾಡಬೇಕು? ಮೊಬೈಲೇ ಗತಿ. ದೊಡ್ಡ ಮಕ್ಕಳಿಗೆ ಜಾಸ್ತಿ ಬೇಜಾರು ತರುವುದು ಈ ಕಾಯುವಿಕೆ, ಜೊತೆಗೆ ತಮ್ಮನ್ನು ಒಂದು ಮಾತೂ ಕೇಳದೆ ಮಾಡಿಟ್ಟ ಪಟ್ಟಿ.

ನಾನಾದರೆ ಮಧ್ಯ ವಿಯೆಟ್ನಾಂ ಹಿಡಿಯುತ್ತೇನೆ. ಡಾ ನಾಂಗ್ ಪಕ್ಕದ ಹೋಯಿ ಆನ್‌ನಲ್ಲಿ ನಾಲ್ಕು ರಾತ್ರಿ, ಗುಹೆಗಳ ಊರು ಫೋಂಗ್ ನ್ಯಾದಲ್ಲಿ ಎರಡು, ಕೊನೆಗೆ ಹೋ ಚಿ ಮಿನ್ ಸಿಟಿಯಲ್ಲಿ ಎರಡು. ಮಧ್ಯ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಏಪ್ರಿಲ್, ಮೇ ಒಣ ಹವೆ, ಆದರೆ ಸೆಕೆ ಕೊಡಗಿನವರಿಗೆ ತಡೆಯುವಂಥದ್ದಲ್ಲ. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ಸಾಲು ರಜೆ. 1975ರ ಏಪ್ರಿಲ್ 30ಕ್ಕೆ ಯುದ್ಧ ಮುಗಿದ ನೆನಪಿನ ದಿನ ಅದು. ಇಡೀ ದೇಶವೇ ಬೀಚಿಗೆ ಬಂದಿರುತ್ತದೆ. ಹಾಗಾಗಿ ಮೇ 5ರ ನಂತರ ಹೊರಡಿ. ಅಷ್ಟು ಹೊತ್ತಿಗೆ ನಿಮ್ಮಲ್ಲೂ ಕಾಫಿ ಹೂ ಅರಳಿಸುವ ಹೂ ಮಳೆ, ಅದರ ಹಿಂದಿನಿಂದ ಬೇಕಾಗುವ ಬ್ಯಾಕಿಂಗ್ ಮಳೆ, ಸ್ಪ್ರಿಂಕ್ಲರ್ ಗಲಾಟೆ ಮುಗಿದಿರುತ್ತದೆ. ಮುಂಗಾರಿಗೂ ಸಮಯ ಇರುತ್ತದೆ. ಮಗಳು ಹತ್ತನೇ ಕ್ಲಾಸಿಗೆ ಹೋಗುವವಳಾದರೆ ಶಾಲೆಯಲ್ಲಿ ರಜೆಯಲ್ಲೇ ವಿಶೇಷ ತರಗತಿ ಇದೆಯಾ ಅಂತ ಟಿಕೆಟಿಗೆ ಮೊದಲೇ ಕೇಳಿಕೊಳ್ಳಿ.

ಇನ್ನು ಮುಖ್ಯ ವಿಷಯ. ಹೋಯಿ ಆನ್‌ನ ಒಂದು ದಿನವನ್ನು ಪೂರ್ತಿ ಮಗಳಿಗೆ ಬಿಡಿ, ಫೋಂಗ್ ನ್ಯಾದ ಒಂದು ದಿನ ಮಗನಿಗೆ. ಸುಮ್ನೆ ಬಾಯಿಮಾತಿಗಲ್ಲ, ಆ ದಿನದ ದುಡ್ಡನ್ನೂ ಅವರ ಕೈಗೇ ಕೊಡಿ. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ, ಊಟ ಎಲ್ಲಿ, ಎಲ್ಲ ಅವರೇ ನೋಡಿಕೊಳ್ಳಲಿ. ನೀವು ಹಿಂದೆ ನಡೆಯಿರಿ. ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಮಗ ಎರಡು ಸಲ ನೋಡಿ ಕೊಡುವುದನ್ನು ಕಲಿಯುತ್ತಾನೆ ಬಿಡಿ. ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ ಇರಲಿ. ಅದೂ ಬೆಳಿಗ್ಗೆ ಹನ್ನೊಂದರ ಒಳಗೆ ಮುಗಿಯಲಿ. ಮಧ್ಯಾಹ್ನ ಮೊಬೈಲ್ ಹಿಡಿದರೆ ಹಿಡಿಯಲಿ, ಬೈಯಬೇಡಿ. ನಾಲ್ಕರ ಮೇಲೆ ಮತ್ತೆ ಹೊರಡಿ.

ಹೋಯಿ ಆನ್‌ನಲ್ಲಿ ಮಕ್ಕಳ ಮುಂದೆ ಇಡಬಹುದಾದ್ದು ಬೇಕಾದಷ್ಟಿದೆ. ಸೈಕಲ್ ಹತ್ತಿ ಟ್ರಾ ಕ್ವೆ ಅನ್ನುವ ತರಕಾರಿ ಹಳ್ಳಿಗೆ ಹೋಗಬಹುದು. ಅಡುಗೆ ಕಲಿಸುವ ಮನೆಗಳಿವೆ. ಅಲ್ಲಿನ ಸಣ್ಣ ಅಕ್ಕಿ ಶಾವಿಗೆ ನಮ್ಮ ನೂಪುಟ್ಟಿನ ನೆಂಟನಂತೆಯೇ ಇರುತ್ತದೆ, ಹಂದಿ ಮಾಂಸವಂತೂ ಎಲ್ಲೆಲ್ಲೂ. ನಿಮ್ಮ ಮಕ್ಕಳು ಉಪವಾಸ ಬೀಳುವುದಿಲ್ಲ. ಮಗಳಿಗೆ ಬಟ್ಟೆಯ ಆಸೆ ಇದ್ದರೆ ಮೊದಲ ದಿನವೇ ದರ್ಜಿಗೆ ಅಳತೆ ಕೊಡಿ, ತಿದ್ದಿಸಲು ದಿನ ಉಳಿಯುತ್ತದೆ. ಪ್ರತಿ ಚಾಂದ್ರಮಾನ ತಿಂಗಳ 14ನೇ ರಾತ್ರಿ ಹಳೇ ಊರಿನಲ್ಲಿ ವಿದ್ಯುತ್ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ. ಕ್ಯಾಲೆಂಡರ್ ತೆಗೆದು ಹುಣ್ಣಿಮೆ ಯಾವಾಗ ನೋಡಿ, ಸಾಧ್ಯವಾದರೆ ಟಿಕೆಟನ್ನು ಅದಕ್ಕೆ ಹೊಂದಿಸಿ.

ಸುಮಾರು 40 ಕಿಲೋಮೀಟರ್ ದೂರದ ಮಿ ಸಾನ್‌ಗೆ ಬೆಳಕು ಹರಿಯುವಾಗಲೇ ಹೋಗಿ. ಹಿಂದೆ ಆ ಭಾಗ ಆಳುತ್ತಿದ್ದ ಚಂಪಾ ರಾಜರು 4ರಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ. ‘ಮತ್ತೆ ದೇವಸ್ಥಾನವಾ?’ ಅಂತ ಮಗ ಮುಖ ಊದಿಸಬಹುದು. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ದೊಡ್ಡ ಗೋಪುರ ನೆಲಕ್ಕುರುಳಿತು, ಬಾಂಬಿನ ಗುಂಡಿಗಳು ಇನ್ನೂ ಇವೆ ಅಂತ ಹೇಳಿ ನೋಡಿ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುವಾಗ 2020ರಲ್ಲಿ 9ನೇ ಶತಮಾನದ ಶಿವಲಿಂಗ ಸಿಕ್ಕಿತು.

ದೊಡ್ಡ ಕೈಗಳು ಹೊತ್ತ ಸೇತುವೆಯ ಫೋಟೋ ಎಲ್ಲರೂ ನೋಡಿರುತ್ತಾರೆ. ಅದು ಬಾ ನಾ ಬೆಟ್ಟದಲ್ಲಿದೆ, 2018ರಲ್ಲಿ ತೆರೆದದ್ದು. ಮಂಜು ನೋಡಲು ಮಡಿಕೇರಿ ಕಡೆಯವರು ಅಷ್ಟು ದುಡ್ಡು ಕೊಡಬೇಕಾ ಅನ್ನುವುದು ನನ್ನ ಪ್ರಶ್ನೆ. ಮಕ್ಕಳು ಹಟ ಹಿಡಿದರೆ ಮೊದಲ ಕೇಬಲ್ ಕಾರಿಗೇ ಹತ್ತಿ, ಮಧ್ಯಾಹ್ನಕ್ಕೆ ಇಳಿದುಬಿಡಿ.

ಡಾ ನಾಂಗ್‌ನಿಂದ ಡಾಂಗ್ ಹೋಯ್‌ಗೆ ರೈಲಿನಲ್ಲಿ ಹೋಗಿ, ಐದಾರು ಗಂಟೆ. ಜಿಲ್ಲೆಯಲ್ಲಿ ರೈಲೇ ಇಲ್ಲದ ನಮ್ಮ ಮಕ್ಕಳಿಗೆ ಇದೂ ಒಂದು ಕಾರ್ಯಕ್ರಮವೇ ಅಲ್ವಾ? ಬಲಗಡೆಯ ಸೀಟು ಕೇಳಿ. ಹಾಯ್ ವಾನ್ ಘಾಟಿಯಲ್ಲಿ ಹಳಿ ಸಮುದ್ರದ ಅಂಚಿಗೇ ಹೋಗುತ್ತದೆ. ಡಾಂಗ್ ಹೋಯ್‌ನಲ್ಲಿ ಇಳಿದು ಫೋಂಗ್ ನ್ಯಾಗೆ ಕಾರು. ಪ್ಯಾರಡೈಸ್ ಗುಹೆ 31 ಕಿಲೋಮೀಟರ್ ಉದ್ದ. ಸಾಮಾನ್ಯ ಟಿಕೆಟಿಗೆ ಮೊದಲ ಒಂದು ಕಿಲೋಮೀಟರ್ ಮರದ ಹಾದಿಯಲ್ಲಿ ನಡೆಯಬಹುದು. ಡಾರ್ಕ್ ಕೇವ್‌ನಲ್ಲಿ ಜಿಪ್‌ಲೈನ್, ಒಳಗೆ ಕೆಸರಿನ ಸ್ನಾನ, ಹೊರಗೆ ಕಯಾಕ್. ಹನ್ನೆರಡರ ಹುಡುಗನಿಗೆ ಇನ್ನೇನು ಬೇಕು! ಎತ್ತರ, ತೂಕ, ವಯಸ್ಸಿನ ಮಿತಿ ಮಾತ್ರ ಬುಕ್ ಮಾಡುವ ಮೊದಲೇ ಕೇಳಿ. ಗೇಟಿನ ಹತ್ತಿರ ಹೋಗಿ ‘ನೀನು ಬೇಡ’ ಅನ್ನಿಸಿಕೊಂಡರೆ ಆ ದಿನ ಇಡೀ ಹಾಳು. ವಿಮೆಯಲ್ಲೂ ಸಾಹಸ ಚಟುವಟಿಕೆ ಸೇರಿದೆಯಾ ನೋಡಿಕೊಳ್ಳಿ.

ಹೋ ಚಿ ಮಿನ್ ಸಿಟಿಯಲ್ಲಿ ಕು ಚಿ ಸುರಂಗ ಮತ್ತು ಯುದ್ಧದ ಮ್ಯೂಸಿಯಂ ಸಾಕು. ಸೈನ್ಯದಲ್ಲಿದ್ದ ತಾತಂದಿರ ಕಥೆ ಕೇಳಿ ಬೆಳೆದ ಮಕ್ಕಳಿಗೆ ಇದು ಹಿಡಿಸುತ್ತದೆ. 1954ರ ಜಿನೀವಾ ಒಪ್ಪಂದದ ನಂತರ ವಿಯೆಟ್ನಾಂನಲ್ಲಿ ಕದನ ವಿರಾಮ ನೋಡಿಕೊಳ್ಳುವ ಆಯೋಗಕ್ಕೆ ಭಾರತವೇ ಅಧ್ಯಕ್ಷ ಆಗಿತ್ತು, ಅದನ್ನೂ ಹೇಳಿ. ಮ್ಯೂಸಿಯಂನ ಕೆಲವು ಫೋಟೋಗಳು ಬಹಳ ಕಠೋರ. ಮಗನಿಗೆ ಮೊದಲೇ ತಿಳಿಸಿ, ಬೇಡ ಅಂದರೆ ಒತ್ತಾಯ ಬೇಡ.

ಸ್ಕೂಟರ್? ಖಂಡಿತ ಬೇಡ. ತೋಟದ ರಸ್ತೆಯಲ್ಲಿ ಓಡಿಸಿದ ಧೈರ್ಯ ಅಲ್ಲಿ ನಡೆಯದು. 50 ಸಿಸಿಗಿಂತ ಸಣ್ಣ ಗಾಡಿಗೂ ಅಲ್ಲಿ 16 ತುಂಬಿರಬೇಕು. ಓಡಾಟ ರಸ್ತೆಯ ಬಲಕ್ಕೆ. ನಿಮಗೂ ಹೇಳುತ್ತೇನೆ: ಭಾರತದಲ್ಲಿ ಕೊಡುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಬಿದ್ದರೆ ವಿಮೆಯ ದುಡ್ಡು ಸಿಗುವುದು ಕಷ್ಟ. ಗ್ರಾಬ್ ಆಪ್‌ನಲ್ಲಿ ಕಾರು ಕರೆಯುವ ಕೆಲಸ ಮಗಳಿಗೆ ಕೊಡಿ.

ಕಾಫಿ ತೋಟದ ಆಸೆ ನನಗೂ ಅರ್ಥವಾಗುತ್ತದೆ. ಬ್ರೆಜಿಲ್ ಬಿಟ್ಟರೆ ಜಾಸ್ತಿ ಕಾಫಿ ಬೆಳೆಯುವವರು ಅವರೇ, ಹೆಚ್ಚು ಪಾಲು ರೋಬಸ್ಟಾ, ಬಹುತೇಕ ನೆರಳಿಲ್ಲದ ಬಯಲಿನಲ್ಲಿ. ಆದರೆ ಆ ತೋಟಗಳು ಬುವೋನ್ ಮಾ ತುವೋತ್ ಕಡೆ, ಈ ದಾರಿಯಲ್ಲಿ ಇಲ್ಲ. ಮೇನಲ್ಲಿ ಅಲ್ಲಿ ಕೊಯ್ಲೂ ಇರುವುದಿಲ್ಲ. ತೋಟದ ಮಕ್ಕಳನ್ನು ವಿಮಾನ ಹತ್ತಿಸಿ ಇನ್ನೊಂದು ತೋಟಕ್ಕೆ ಕರೆದೊಯ್ದರೆ ಅವರ ಮುಖ ಹೇಗಿರುತ್ತದೆ, ಯೋಚಿಸಿ. ನವೆಂಬರ್‌ನಲ್ಲಿ, ನಿಮ್ಮ ರೋಬಸ್ಟಾ ಹಣ್ಣಾಗುವ ಮೊದಲು, ಬೆಳೆಗಾರ ಸ್ನೇಹಿತರ ಜೊತೆ ಬೇರೆಯಾಗಿ ಹೋಗಿಬನ್ನಿ.

ಕಾಗದಪತ್ರ: ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು ಇರಬಹುದು, ಆರು ತಿಂಗಳಾದರೂ ಬಾಕಿ ಇದೆಯಾ ನೋಡಿ. ಇ-ವೀಸಾ ಒಬ್ಬೊಬ್ಬರಿಗೂ ಬೇರೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಸರ್ಕಾರಿ ವೆಬ್‌ಸೈಟಿನಲ್ಲೇ ಮಾಡಿ. ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ಎಲ್ಲಿದೆಯೋ ವೀಸಾದಲ್ಲೂ ಟಿಕೆಟಿನಲ್ಲೂ ಅಲ್ಲೇ ಇರಲಿ.

ಪ್ರಶ್ನೆ: ನಾವು ಸೋಮವಾರಪೇಟೆಯವರು, ಸಸ್ಯಾಹಾರಿಗಳು. ಮಕ್ಕಳ ಜೊತೆ ವಿಯೆಟ್ನಾಂಗೆ ಹೋದರೆ ಊಟಕ್ಕೆ ತೊಂದರೆಯಾ?

ಉತ್ತರ: ಸ್ವಲ್ಪ ಎಚ್ಚರ ಬೇಕು, ಅಷ್ಟೇ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ‘ತರಕಾರಿ ಕೊಡಿ’ ಅಂದರೆ ಸಾಲದು, ‘ಆನ್ ಚಾಯ್’ ಅನ್ನಿ. ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿ ಹಾಗೆನ್ನುತ್ತಾರೆ. ‘ಚಾಯ್’ ಅಂತ ಬೋರ್ಡ್ ಇರುವ ಹೋಟೆಲುಗಳು ಸಿಗುತ್ತವೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿನ ಬಹಳ ಜನ ಮಾಂಸ ಬಿಡುವುದರಿಂದ ಅವತ್ತು ಇನ್ನೂ ಸುಲಭ. ರೈಲಿಗೆ, ಗುಹೆಯ ಕಡೆಗೆ ಹೊರಡುವಾಗ ಮಾತ್ರ ಚಟ್ನಿಪುಡಿ, ಅವಲಕ್ಕಿ ಬ್ಯಾಗಿನಲ್ಲಿರಲಿ.