ಆಸ್ಪತ್ರೆಯ ಒಂದೇ ವಾರ್ಡಿನ ಮೂವರಲ್ಲಿ ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ) ಸಿಕ್ಕಿದೆ. ಮೂರೂ ಒಂದೇ ತಳಿಯೇ ಎಂದು ಲ್ಯಾಬಿನಲ್ಲಿ ಹೇಗೆ ತಿಳಿಯುವುದು?

ಸೆನ್ಸಿಟಿವಿಟಿ ವರದಿ (ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬ ವರದಿ) ಮೂರಕ್ಕೂ ಒಂದೇ ಬಂದಿದ್ದರೆ ಅದನ್ನೇ ನಂಬಬೇಡಿ. ಪ್ರತಿರೋಧದ ಜೀನ್‌ಗಳು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್ಎ ಉಂಗುರಗಳ ಮೂಲಕ ತಳಿಯಿಂದ ತಳಿಗೆ ದಾಟುತ್ತವೆ, ಕಳೆದೂ ಹೋಗುತ್ತವೆ. ಹೋಲಿಸಬೇಕಾದದ್ದು ಡಿಎನ್ಎ.

ಬಹುಕಾಲ ಮಾನದಂಡವಾಗಿದ್ದದ್ದು ಪಲ್ಸ್ಡ್ ಫೀಲ್ಡ್ ಜೆಲ್: ಕತ್ತರಿಸಿದ ಡಿಎನ್ಎ ತುಂಡುಗಳನ್ನು ದಿಕ್ಕು ಬದಲಿಸುವ ವಿದ್ಯುತ್‌ನಿಂದ ಜೆಲ್‌ನಲ್ಲಿ ಗಾತ್ರದಂತೆ ಬ್ಯಾಂಡ್‌ಗಳಾಗಿ (ಪಟ್ಟಿಗಳಾಗಿ) ಬೇರ್ಪಡಿಸುವ ವಿಧಾನ. ಉದ್ದನೆಯ ಡಿಎನ್ಎ ಪಿಪೆಟ್‌ನಲ್ಲೇ ಮುರಿಯುವುದರಿಂದ ಬ್ಯಾಕ್ಟೀರಿಯಾವನ್ನು ಅಗರೋಸ್ ಪ್ಲಗ್ ಎಂಬ ಜೆಲ್ಲಿ ತುಂಡಿನೊಳಗೇ ಒಡೆಯುತ್ತಾರೆ. ಇದಕ್ಕೆ ಲೈಸೊಸ್ಟಾಫಿನ್ ಎಂಬ ಕಿಣ್ವ ಬೇಕು. ಸ್ಟ್ಯಾಫಿಲೊಕಾಕಸ್‌ನ ಕೋಶಭಿತ್ತಿ ಬರೀ ಲೈಸೊಜೈಮ್‌ಗೆ ಜಗ್ಗುವುದಿಲ್ಲ. ಆಮೇಲೆ ಪ್ರೋಟೀನ್ ಒಡೆಯುವ ಪ್ರೋಟೀನೇಸ್ ಕೆ, ನಂತರ ಪ್ಲಗ್ ತೊಳೆಯುವುದು. ಇಲ್ಲಿ ಅವಸರ ಮಾಡಿದರೆ ಉಳಿದ ಪ್ರೋಟೀನೇಸ್ ಮುಂದಿನ ಕಿಣ್ವವನ್ನೇ ತಿಂದುಹಾಕುತ್ತದೆ. ಆ ಕಿಣ್ವ ಡಿಎನ್ಎ ಕತ್ತರಿಸುವ ಸ್ಮಾ-1, ಅದಕ್ಕೆ 25 ಡಿಗ್ರಿ ಸೆಲ್ಸಿಯಸ್ ಸಾಕು. ರೂಢಿಯಂತೆ 37ರಲ್ಲಿಟ್ಟರೆ ಬೇಗ ಸತ್ವ ಕಳೆದುಕೊಂಡು ಅರೆಬರೆ ಕತ್ತರಿಸಿ, ಇಲ್ಲದ ಬ್ಯಾಂಡ್‌ಗಳನ್ನು ತೋರಿಸುತ್ತದೆ. ಜೆಲ್ ಓಡಿಸುವುದು 14 ಡಿಗ್ರಿಯಲ್ಲಿ, ಸೆಂಟಿಮೀಟರಿಗೆ 6 ವೋಲ್ಟ್, ಪಲ್ಸ್ 5ರಿಂದ 40 ಸೆಕೆಂಡ್, ಸುಮಾರು 20 ಗಂಟೆ.

1995ರ ಟೆನೋವರ್ ಮಾನದಂಡದಂತೆ 2–3 ಬ್ಯಾಂಡ್ ವ್ಯತ್ಯಾಸವಿದ್ದರೆ ಹತ್ತಿರದ ಸಂಬಂಧ, 4–6 ಇದ್ದರೆ ಸಂಬಂಧವಿರಬಹುದು, 7 ಅಥವಾ ಹೆಚ್ಚಾದರೆ ಬೇರೆ ತಳಿ.

ಏಳು ಜೀನ್‌ಗಳ ಡಿಎನ್ಎ ಅಕ್ಷರಗಳನ್ನಷ್ಟೇ ಹೋಲಿಸುವ ಎಂಎಲ್‌ಎಸ್‌ಟಿ ವಿಧಾನ ವಂಶ ಗುರುತಿಸಲು ಚೆನ್ನ, ಆದರೆ ವಾರ್ಡಿನೊಳಗಿನ ಹರಡುವಿಕೆಗೆ ತೀರಾ ಒರಟು. ಸೌಲಭ್ಯವಿದ್ದರೆ ನೇರವಾಗಿ ಪೂರ್ಣ ಜೀನೋಮ್ ಸೀಕ್ವೆನ್ಸಿಂಗ್‌ಗೇ ಹೋಗಿ. ಒಂದೊಂದು ಅಕ್ಷರದ ವ್ಯತ್ಯಾಸವೂ ಸಿಗುತ್ತದೆ. ಯಾವ ವಿಧಾನವಾದರೂ ಡಿಎನ್ಎ ತೆಗೆಯುವ ಮುನ್ನ ಒಂಟಿ ಕಾಲೊನಿಯಿಂದ ಮತ್ತೆ ಬೆಳೆಸಿ. ಮಿಶ್ರ ಕಲ್ಚರ್ ಆದರೆ ಎರಡು ತಳಿಗಳು ಸೇರಿ ಮೂರನೆಯದರಂತೆ ಕಾಣುತ್ತವೆ.